ಆರು ಬಾತುಗಳನ್ನು ಕರೆದ ದನಿ

"ಗುರುಗಳೇ, ತೀರಿಹೋದವರ ಹಾಗೆ ಮಾತಾಡಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರು ಹುರುಳಿ ಆರಿಸುತ್ತಿದ್ದರು. ತಲೆ ಎತ್ತದೆ, "ಅರ್ಧ ನುಂಗಿಕೊಂಡು ಕೇಳಬೇಡ. ಪೂರ್ತಿ ಕೇಳು" ಎಂದರು.

ಶಿಷ್ಯ ಪೂರ್ತಿ ಹೇಳಿದ. ಹೊಳೆಯಾಚೆಯ ಮಠಕ್ಕೆ ಅವನನ್ನು ಕಳಿಸಿ ನಾಲ್ಕು ತಿಂಗಳಾಗಿತ್ತು. ಅಲ್ಲಿದ್ದ ಹಿರಿಯರು ತೀರಿಕೊಂಡ ಮೇಲೆ ಊರಿನವರು ಮಠದ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದರು. ಬಂದವರೂ ಇವನು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದರು. ಒಂದು ಸಂಜೆ ಬೇಸತ್ತು, ಆ ಹಿರಿಯರ ಹಾಗೆ ಮೂಗಿನಲ್ಲಿ ಎಳೆದು ಒಂದು ವಾಕ್ಯ ಹೇಳಿದ. ಎದ್ದವರು ಮತ್ತೆ ಕೂತರು. ಮರುದಿನ ಇನ್ನಷ್ಟು ಜನ ಬಂದರು.

"ಈಗ ಅಂಗಳ ತುಂಬುತ್ತದೆ. ನಾನು ಹೇಳುವುದು ಒಳ್ಳೆಯ ಮಾತನ್ನೇ. ದನಿ ಮಾತ್ರ ಅವರದು. ಜನ ನನಗೆ ಒಗ್ಗುವ ತನಕ ಹೀಗೇ ನಡೆಸಿಕೊಂಡು ಹೋಗಲೇ?"

"ಒಗ್ಗುವ ತನಕ!" ಎಂದರು ಗುರು. "ಸರಿ ಮಾರಾಯ, ಕೂತುಕೋ. ಈ ಮೊರ ಹಿಡಿ, ಕಲ್ಲು ಆರಿಸು. ಕೈಗೆ ಕೆಲಸವಿದ್ದರೆ ನಡುವೆ ಬಾಯಿ ಹಾಕುವುದಿಲ್ಲ ನೀನು." ಹೀಗೆಂದು ಕತೆ ಶುರು ಮಾಡಿದರು.

ಒಬ್ಬ ರೈತನಿದ್ದ. ಮನೆಯ ಹಿಂದೆ ಹಿತ್ತಲು, ಹಿತ್ತಲ ತುಂಬ ದಂಟು, ಮೆಂತ್ಯ, ಸಬ್ಬಸಿಗೆ. ಮಕ್ಕಳಿಲ್ಲ. ಹೆಂಡತಿ ಹೊಂಬಾಳಮ್ಮ ಮಹಾ ಮಾತುಗಾತಿ. ಅವಳು ಹಿತ್ತಲಲ್ಲಿ ನಿಂತು ನಕ್ಕರೆ ಮೂರು ಮನೆಗೆ ಕೇಳಬೇಕು. ಅವನೋ ಬಾಯಿ ಸತ್ತವನು. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಅವನಿಗೆ ಅದರಷ್ಟು ಸುಖ ಇನ್ನೊಂದಿರಲಿಲ್ಲ.

ಆ ವರ್ಷ ಮಳೆಯ ಜೊತೆಗೆ ಬಸವನಹುಳು ಬಂತು. ಬೆಳಗ್ಗೆ ಎದ್ದು ನೋಡಿದರೆ ಪಾತಿಗೆ ಪಾತಿಯೇ ಬೋಳು. ಬೂದಿ ಚೆಲ್ಲಿದರು, ಉಪ್ಪು ಎರಚಿದರು, ಕೈಯಲ್ಲಿ ಆರಿಸಿ ಆರಿಸಿ ಮಡಕೆ ತುಂಬಿದರು. ಹುಳು ಜಗ್ಗಲಿಲ್ಲ. ಹಿತ್ತಲಿಗೆ ಬಾತು ಬಿಡಿ, ಅವು ಹುಳು ಹುಡುಕಿ ಹುಡುಕಿ ತಿನ್ನುತ್ತವೆ ಎಂದು ಯಾರೋ ಹೇಳಿದರು.

ಕಾಲುವೆಯ ದಡ ಹಿಡಿದು ಪೂರ್ವಕ್ಕೆ ನಡೆದರೆ ಇನ್ನೊಂದು ಊರು. ಅಲ್ಲಿ ಒಬ್ಬಳು ಅಜ್ಜಿ ತೀರಿಕೊಂಡಿದ್ದಳು. ಹಿಂದೆ ಮುಂದೆ ಯಾರೂ ಇಲ್ಲದವಳು. ಅವಳು ಬಿಟ್ಟುಹೋದದ್ದು ಆರು ಬಾತುಗಳನ್ನು. ಹನ್ನೊಂದು ದಿನ ಅವುಗಳನ್ನು ನೋಡಿಕೊಂಡ ನೆರೆಮನೆಯವಳು, "ತಗೊಂಡೋಗ್ರವ್ವಾ, ಪುಣ್ಯ ಬರ್ತದೆ" ಎಂದು ಕೊಟ್ಟುಬಿಟ್ಟಳು. ಗಂಡ ಹೆಂಡತಿ ಎರಡು ಮಂಕರಿಯಲ್ಲಿ ಹೊತ್ತುಕೊಂಡು ಬಂದರು.

ಹೊಸ ಬಾತುಗಳನ್ನು ತಂದ ದಿನವೇ ಹಿತ್ತಲಿಗೆ ಬಿಡಬಾರದು. ಅಷ್ಟು ಅವರಿಗೂ ಗೊತ್ತಿತ್ತು. ಗೋಡೆಗೆ ಒರಗಿಸಿ ತೆಂಗಿನ ಗರಿಯ ಗೂಡು ಮಾಡಿದರು. ನೆಲಕ್ಕೆ ಹುಲ್ಲು ಹಾಸಿದರು. ಕಲ್ಲುಬಾನಿಯಲ್ಲಿ ತಲೆ ಮುಳುಗುವಷ್ಟು ನೀರು ತುಂಬಿದರು. ಬಾತಿಗೆ ಕುಡಿಯಲು ನೀರಿದ್ದರೆ ಸಾಲದಯ್ಯ, ಕಣ್ಣು ಮೂಗು ತೊಳೆದುಕೊಳ್ಳಲೂ ಬೇಕು. ನುಚ್ಚಿಗೆ ತೌಡು ಕಲಸಿ ಹೊತ್ತು ಹೊತ್ತಿಗೆ ಒಂದೇ ಜಾಗದಲ್ಲಿಟ್ಟರು. ನಾಲ್ಕು ದಿನ ಹೀಗೆ ಕೂಡಿಹಾಕಿದರೆ ಜಾಗ ಕಣ್ಣಿಗೆ ಕೂರುತ್ತದೆ, ಆಮೇಲೆ ಅಟ್ಟಿದರೂ ಹೋಗುವುದಿಲ್ಲ ಎನ್ನುವುದು ಲೆಕ್ಕ.

ಮೊದಲ ದಿನ ಬಾತುಗಳು ತಿನ್ನಲಿಲ್ಲ. ಹೆದರಿಕೆ ಎಂದುಕೊಂಡರು. ಎರಡನೆಯ ದಿನ ಹೊಂಬಾಳಮ್ಮ ಗಂಡನನ್ನು ಕರೆದು ತೋರಿಸಿದಳು. ಆರೂ ಬಾತುಗಳು ಒಂದೇ ಕಡೆಗೆ ಮುಖ ಮಾಡಿ ನಿಂತಿದ್ದವು, ಪೂರ್ವಕ್ಕೆ. ಅಲ್ಲಿ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ. ಅವನು ನುಚ್ಚಿನ ತಟ್ಟೆಯನ್ನು ಪಶ್ಚಿಮಕ್ಕೆ ಸರಿಸಿದ. ಒಂದೂ ತಿರುಗಲಿಲ್ಲ. ಒಂದನ್ನು ಹಿಡಿದು ತಿರುಗಿಸಿ ನಿಲ್ಲಿಸಿದ. ಕೈ ಬಿಟ್ಟೊಡನೆ ಅದು ಮತ್ತೆ ಗೋಡೆಯ ಕಡೆಗೇ ಹೊರಳಿತು. ಬಾತು ಎಂದರೆ ಗದ್ದಲದ ಜಾತಿ, ಗೊತ್ತಲ್ಲ? ಇವು ನಾಲ್ಕು ದಿನ ಒಂದು ಸದ್ದೂ ಮಾಡಲಿಲ್ಲ.

"ಅಯ್ಯೋ, ಇವಕ್ಕೇನಾಯ್ತು ಕಣ್ರೀ? ಗೋಡೆ ಒಳಗೆ ಯಾರಾದ್ರೂ ಅವ್ರಾ?" ಎಂದಳು ಹೊಂಬಾಳಮ್ಮ. ನಗುತ್ತಲೇ ಅಂದಳು. ನಗು ಅರ್ಧಕ್ಕೆ ನಿಂತಿತು.

ಐದನೆಯ ದಿನ ಗೂಡಿನ ಬಾಗಿಲು ತೆಗೆದರು. ಬಾತುಗಳು ಹಿತ್ತಲ ಕಡೆ ನೋಡಲೂ ಇಲ್ಲ. ಸಾಲಾಗಿ ಬೇಲಿ ನುಸುಳಿ, ಕಾಲುವೆಗೆ ಇಳಿದು, ಹೊರಟೇ ಹೋದವು. ಗಂಡ ಹೆಂಡತಿ ದಡದ ಮೇಲೆ ಏದುಸಿರು ಬಿಡುತ್ತ ಹಿಂದೆ ಬಿದ್ದರು. ಇವರು ಅಜ್ಜಿಯ ಊರು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಬಾತುಗಳು ಅವಳ ಮನೆಯ ಬೀಗ ಹಾಕಿದ ಬಾಗಿಲ ಮುಂದೆ ಸಾಲಾಗಿ ಕೂತಿದ್ದವು.

ನೆರೆಮನೆಯವಳು ಹೊರಗೆ ಬಂದಳು. "ನೀವು ಎಷ್ಟು ಅಟ್ಟಿದ್ರೂ ಬರಾಕಿಲ್ಲ ಅವು. ಅಜ್ಜಿ ದಿನಾ ಹೊತ್ತು ಮುಳುಗೋ ಹೊತ್ಗೆ ಕರೀತಿತ್ತು, ಹಿಂಗೆ" ಎಂದು ಕೂಗಿ ತೋರಿಸಿದಳು. "ಬಂದ್ರಾ... ಎಲ್ರೂ ಬಂದ್ರಾ..." ಒಡಕು ದನಿ, ನಡುವೆ ಒಂದು ಕೆಮ್ಮು. ಆರೂ ಕತ್ತು ಮೇಲೆದ್ದವು.

ಹೊಂಬಾಳಮ್ಮ ಹಾಗೆಯೇ ಕೂಗಿ ನೋಡಿದಳು. ಬಾತುಗಳು ಅಲುಗಲಿಲ್ಲ. "ಕೆಮ್ಮು ಬಿಟ್ಬಿಟ್ಯಲ್ಲವ್ವಾ" ಎಂದಳು ನೆರೆಮನೆಯವಳು. ಹೊಂಬಾಳಮ್ಮ ಕೆಮ್ಮು ಸೇರಿಸಿ ಕೂಗಿದಳು. ಆರೂ ಎದ್ದು ಅವಳ ಹಿಂದೆ ಹೊರಟವು.

ಇಲ್ಲೊಂದು ವಿಷಯ ಕೇಳು. ಆ ಸೀಮೆಯಲ್ಲಿ ಎತ್ತು ಮಾರಿದವನು ಅದರ ಕೊರಳ ಹಗ್ಗ ಬಿಚ್ಚಿ ತಾನೇ ಇಟ್ಟುಕೊಳ್ಳುತ್ತಾನೆ. ಕೊಳ್ಳುವವನು ತನ್ನ ಮನೆಯಿಂದ ಹೊಸ ಹಗ್ಗ ತೆಗೆದುಕೊಂಡೇ ಹೋಗಬೇಕು. ಹಳೆಯ ಮನೆಯ ಹಗ್ಗ ಹೊಸ ಕೊಟ್ಟಿಗೆಗೆ ಬರಬಾರದು. ಈ ರೈತ ಒಮ್ಮೆ ಮರೆತು ಹಗ್ಗದ ಸಮೇತ ಎತ್ತು ತಂದಿದ್ದಕ್ಕೆ ಮೂರು ಹರದಾರಿ ನಡೆದು ಹಗ್ಗ ವಾಪಸು ಕೊಟ್ಟು ಬಂದವನು. ಅಂಥವನಿಗೂ ಬಾತಿನ ವಿಷಯದಲ್ಲಿ ಅದು ಹೊಳೆಯಲಿಲ್ಲ. ಬಾತಿನ ಕೊರಳಲ್ಲಿ ಏನಿರುತ್ತದೆ ಬಿಚ್ಚಿಕೊಡಲು? ಅದನ್ನು ಕಟ್ಟಿಟ್ಟಿದ್ದು ಆ ಕೂಗೇ ಎಂದು ಅವನು ಯೋಚಿಸಲಿಲ್ಲ. ದಡ್ಡ ಅಂತ ನಗಬೇಡ, ನೀನೂ ಯೋಚಿಸುತ್ತಿರಲಿಲ್ಲ.

ಅಲ್ಲಿಂದ ಬಾತುಗಳು ಒಗ್ಗಿದವು. ದಿನಾ ಸಂಜೆ ಹೊಂಬಾಳಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದರೆ ಎಲ್ಲಿದ್ದರೂ ಬಂದು ಗೂಡು ಸೇರುತ್ತಿದ್ದವು. ಹದಿನೈದು ದಿನದಲ್ಲಿ ಹುಳು ಹೇಳಹೆಸರಿಲ್ಲದಂತಾಯಿತು. ಬೋಳಾಗಿದ್ದ ಪಾತಿಗಳಲ್ಲಿ ದಂಟು ಮೊಣಕಾಲೆತ್ತರ ಬಂತು. ಒಂದೇ ತೊಂದರೆ, ಹೊಂಬಾಳಮ್ಮ ಬಿರಬಿರನೆ ನಡೆದರೆ ಬಾತುಗಳು ಬೆದರುತ್ತಿದ್ದವು. ಅಜ್ಜಿ ಎಡಗಾಲು ಎಳೆದು ನಡೆಯುತ್ತಿದ್ದಳಂತೆ. ಸರಿ, ನುಚ್ಚು ಹಾಕುವಾಗ ಇವಳೂ ಎಡಗಾಲು ಎಳೆದಳು. ಬಾತುಗಳು ಸುಮ್ಮನಾದವು.

"ಮುದುಕಿ ಆಗ್ಬಿಟ್ಯಲ್ಲೇ" ಎಂದು ರೈತ ನಕ್ಕ.

"ನೀವೂ ಮುದುಕ ಆಗಿ, ಜೋಡಿ ಸರಿಹೋಗ್ತದೆ" ಎಂದಳು. ಅವಳು ಅವನನ್ನು ಚುಡಾಯಿಸಿದ್ದು ಅದೇ ಕೊನೆ.

ಮೊದಲು ಕೆಮ್ಮು ಅಡುಗೆಮನೆಗೆ ಬಂತು. ಹೊಗೆ ಇರಬೇಕು ಎಂದುಕೊಂಡ. ಆಮೇಲೆ ಬಾವಿಗೆ ಹೋಗುವಾಗಲೂ ಅವಳ ಎಡಗಾಲು ಎಳೆಯತೊಡಗಿತು. ಮುಳ್ಳು ಚುಚ್ಚಿರಬೇಕು ಎಂದುಕೊಂಡು ಪಾದ ಹಿಡಿದು ನೋಡಿದ. ಮುಳ್ಳಿರಲಿಲ್ಲ. ಮೂರು ಮನೆಗೆ ಕೇಳುತ್ತಿದ್ದ ದನಿ ಒಡೆದು, ಪಕ್ಕದಲ್ಲಿ ಕೂತವನಿಗೂ ಕೇಳದಷ್ಟಾಯಿತು. ಹೊಲದ ಕೆಲಸ ಮುಗಿಸಿ ಬಂದರೆ ಅವಳು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದಳು. ಸುತ್ತ ಆರು ಬಾತುಗಳು. ಏಳೂ ಮುಖಗಳು ಪೂರ್ವಕ್ಕೆ.

ರೈತನಿಗೆ ಭಯವಾಯಿತು. ಸಾಕು ಮಾಡೇ, ಬಾತು ಹೋದರೆ ಹಾಳಾಗಿ ಹೋಗಲಿ, ನೀನು ಕೂಗಬೇಡ ಎಂದು ಆ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಸೊಪ್ಪು ಸೊಂಪಾಗಿ ಬರುತ್ತಿತ್ತಲ್ಲ! ಈ ಫಸಲೊಂದು ಮುಗಿಯಲಿ, ಅಷ್ಟರಲ್ಲಿ ಬಾತುಗಳೂ ಜಾಗಕ್ಕೆ ಪೂರ್ತಿ ಹೊಂದಿಕೊಂಡಿರುತ್ತವೆ, ಆಮೇಲೆ ಕೂಗು ಬಿಡಿಸಿದರಾಯಿತು ಎಂದುಕೊಂಡ. ನಿನ್ನ ಹಾಗೆಯೇ ಅಯ್ಯಾ, ಒಗ್ಗುವ ತನಕ ಎಂದುಕೊಂಡ. ಯಾಕೆ, ಕೈ ನಿಂತಿತಲ್ಲ? ಕಲ್ಲು ಆರಿಸು.

ಒಂದು ಮಧ್ಯಾಹ್ನ ಅವನು ಊಟಕ್ಕೆ ಕೂತ. ಅವಳು ಮುದ್ದೆ ಇಟ್ಟಳು, ಸಾರು ಬಿಟ್ಟಳು. ಎದುರಿಗೆ ಕೂತು ಅವನು ಉಣ್ಣುವುದನ್ನೇ ನೋಡಿದಳು. ಅಕ್ಕರೆಯಿಂದಲೇ ನೋಡಿದಳು. ಆಮೇಲೆ ಕೇಳಿದಳು, "ಯಾವೂರಾಯ್ತಪ್ಪಾ ನಿಂದು?"

ತಮಾಷೆ ಇರಬೇಕೆಂದು ಅವಳ ಮುಖ ನೋಡಿದ. ಅಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ದಾರಿಹೋಕನಿಗೆ ಅನ್ನ ಹಾಕಿದ ಮುದುಕಿ ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದಳು. ಏನು ಮಾಡಬೇಕೋ ತಿಳಿಯದೆ ಅವನು ನೀರು ಕುಡಿದು ತನ್ನ ಊರಿನ ಹೆಸರು ಹೇಳಿದ. "ದೂರ ಆಯ್ತು ಮಗಾ" ಎಂದು ಅವಳು ಇನ್ನೊಂದು ಸೌಟು ಸಾರು ಬಿಟ್ಟಳು.

ಅವನು ಕೈ ತೊಳೆದವನೇ ಎದ್ದ. ಫಸಲು ಏನಾದರೂ ಆಗಲಿ, ಬಾತುಗಳನ್ನು ಈ ಕ್ಷಣವೇ ಸಾಗಹಾಕಬೇಕೆಂದು ಪಕ್ಕದ ಬೀದಿಗೆ ಮಂಕರಿ ಕೇಳಲು ಓಡಿದ. ವಾಪಸು ಬಂದು ನೋಡಿದರೆ ಗೂಡು ಖಾಲಿ. ಮನೆಯೂ ಖಾಲಿ. ಹಿತ್ತಲ ಬೇಲಿಯಾಚೆ ಕೆಸರಿನಲ್ಲಿ ಬಾತುಗಳ ಹೆಜ್ಜೆ, ಅವುಗಳ ಪಕ್ಕದಲ್ಲಿ ಅವಳ ಬಲಗಾಲಿನ ಹೆಜ್ಜೆ. ಎಡಗಾಲಿನದು ಬರೀ ಗೆರೆ.

ಅಜ್ಜಿಯ ಊರು ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಬೀಗ ಹಾಕಿದ ಬಾಗಿಲ ಮುಂದೆ ಬಾತುಗಳ ನಡುವೆ ಹೊಂಬಾಳಮ್ಮ ಕೂತಿದ್ದಳು. "ಹೊಂಬಾಳೀ" ಎಂದು ಕರೆದ. ತಿರುಗಲಿಲ್ಲ. ಮತ್ತೆ ಕರೆದ, ಇನ್ನೂ ಹತ್ತಿರ ಹೋಗಿ ಕರೆದ. "ನಾನು ಕಣೇ, ನಿನ್ನ ಗಂಡ. ನಡಿಯೇ ಮನೆಗೆ" ಎಂದು ಕೈ ಹಿಡಿದ. ಗುರುತಿಲ್ಲದ ಗಂಡಸು ಕೈ ಹಿಡಿದರೆ ಹೆಂಗಸು ಹೇಗೆ ಕಿರುಚುತ್ತಾಳೋ ಹಾಗೆ ಕಿರುಚಿದಳು. ಅವನು ಕೈ ಬಿಟ್ಟು ಬೀದಿಯಲ್ಲಿ ಕುಸಿದು ಅತ್ತ. ಸೊಪ್ಪಿಗೆ ಆಸೆಪಟ್ಟು ಇವಳನ್ನು ಕಳಕೊಂಡೆನಲ್ಲಪ್ಪಾ ಎಂದು ಮಕ್ಕಳ ಹಾಗೆ ಅತ್ತ.

ಕಿರುಚಿದ್ದು ಕೇಳಿ ನೆರೆಮನೆಯವಳು ಬಂದಿದ್ದಳು. ಎಲ್ಲವನ್ನೂ ನೋಡಿ ಮೆಲ್ಲಗೆ ಅಂದಳು, "ಹೆಸ್ರಿಡಿದು ಕರೆದ್ರೆ ಇನ್ನೆಲ್ಲಿ ಬರ್ತಾಳಪ್ಪಾ? ಬಾತು ಹೆಂಗೆ ಬಂದ್ವೋ ಹಂಗೇ ಕರಿ."

ಅವನಿಗೆ ಅರ್ಥವಾಯಿತು. ಆ ಕೂಗನ್ನು ದಿನಾ ಕೂಗಿದವಳು ಅವಳು, ದಿನಾ ಕೇಳಿದವಳೂ ಅವಳೇ. ಬಾತುಗಳ ಹಾಗೆ ಅವಳಿಗೂ ಈಗ ಅದೊಂದೇ ಮನೆ. ಅವನು ಜೀವಮಾನದಲ್ಲಿ ದನಿ ಎತ್ತಿದವನಲ್ಲ. ಎದ್ದು ನಿಂತು ಬಾಯಿ ತೆರೆದ. "ಬಂದ್ರಾ... ಎಲ್ರೂ ಬಂದ್ರಾ..." ದನಿ ತಾನಾಗಿ ಒಡೆಯಿತು. ಕೆಮ್ಮಬೇಕೆಂದು ನೆನಪಾಗುವ ಮೊದಲೇ ಕೆಮ್ಮು ಬಂದಿತ್ತು.

ಆರು ಬಾತುಗಳು ಎದ್ದವು. ಹೊಂಬಾಳಮ್ಮನೂ ಎದ್ದಳು.

ಅವನು ಕಾಲುವೆಯ ದಾರಿ ಹಿಡಿದ. ಹಿಂದೆ ಸಾಲಾಗಿ ಬಾತುಗಳು, ಸಾಲಿನ ಕೊನೆಗೆ ಅವಳು. ಸಾಲು ಎಲ್ಲಿ ನಿಂತುಬಿಡುತ್ತದೋ ಎಂದು ಹೆದರಿ ಅವನು ಕೂಗುತ್ತಲೇ ನಡೆದ. ಅರ್ಧ ದಾರಿ ಬಂದ ಮೇಲೆ ಹಿಂತಿರುಗಿ ನೋಡಿದ. ಅವಳು ನೆಟ್ಟಗೆ ನಡೆಯುತ್ತಿದ್ದಳು, ಮೊದಲಿನ ಹಾಗೆ ಬಿರಬಿರನೆ. ಅವಳ ಕಾಲು ಸರಿಹೋಯಿತು ಎಂದು ಅವನಿಗೆ ಕಣ್ಣಲ್ಲಿ ನೀರು ಬಂತು. ಮತ್ತೆ ಮುಂದೆ ನಡೆದ. ನೆಲದ ಮೇಲೆ ಕಾಲು ಎಳೆಯುವ ಸದ್ದು ಮಾತ್ರ ಕೇಳುತ್ತಲೇ ಇತ್ತು. ಯಾರ ಕಾಲೆಂದು ಅವನು ಕೆಳಗೆ ನೋಡಲಿಲ್ಲ.

ಗುರು ಇಷ್ಟು ಹೇಳಿ ಮತ್ತೆ ಹುರುಳಿಗೆ ಕೈ ಹಾಕಿದರು. ಶಿಷ್ಯ ಮೊರ ಕೆಳಗಿಟ್ಟ. ಕತೆ ಅಲ್ಲಿಗೆ ಮುಗಿಯಬಾರದು ಎನಿಸಿತು ಅವನಿಗೆ.

"ಹಾಗಾದರೆ ಹೆಂಡತಿ ಸಿಕ್ಕಳಲ್ಲ, ಗುರುಗಳೇ. ಕ್ಷೇಮವಾಗಿ ಮನೆ ಮುಟ್ಟಿದರಲ್ಲವೇ?"

"ಮುಟ್ಟಿದರು. ಹೊಸ್ತಿಲ ಮೇಲೆ ನಿಂತು ಹೊಂಬಾಳಮ್ಮ ಅವನನ್ನು ಕೇಳಿದಳು, 'ಅಜ್ಜೀ, ನಮ್ಮೆಜಮಾನ್ರನ್ನ ಎಲ್ಲಾದ್ರೂ ಕಂಡ್ರಾ?'"