ಮಾತು ಬಿಟ್ಟ ಎರಡು ಕಂಪ್ಯೂಟರ್‌ಗಳು

ಒಂದು ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವ ಕಡೆ ಒಂದು ಕಂಪ್ಯೂಟರ್ ಇತ್ತು, ಔಷಧಿ ಕೊಡುವ ಕಡೆ ಇನ್ನೊಂದು. ನಡುವೆ ಹತ್ತೇ ಹೆಜ್ಜೆ. ಆದರೂ ಒಂದಕ್ಕೊಂದು ಮಾತಿಲ್ಲ.

ನೀಲವ್ವ ಜ್ವರದ ಮಗುವನ್ನು ಎತ್ತಿಕೊಂಡು ಬಂದಳು. ಚೀಟಿಯ ಕಂಪ್ಯೂಟರ್ ಹೆಸರು, ವಯಸ್ಸು, ಊರು ಕೇಳಿತು. ಡಾಕ್ಟರನ್ನು ನೋಡಿ ಬಂದ ಮೇಲೆ ಔಷಧಿಯ ಕಂಪ್ಯೂಟರ್ ಅದನ್ನೇ ಮತ್ತೆ ಕೇಳಿ ಒಂದು ಸಿರಪ್ ಕೊಡಿಸಿತು. ಬಾಟಲಿ ನೋಡಿ ಅವಳು ಕೂಗಿಕೊಂಡಳು.

"ಅಯ್ಯೋ, ಹೋದ ವರ್ಷ ಇದನ್ನು ಕುಡಿದೇ ಮಗುವಿಗೆ ಮೈಯೆಲ್ಲ ಊದಿ ಉಸಿರು ಕಟ್ಟಿತ್ತು! ಇದನ್ನು ಕೊಡಬಾರದು ಅಂತ ಇಲ್ಲೇ ಬರೆಸಿದ್ದೆನಲ್ಲ?"

"ಅದು ಆ ಚೀಟಿಯ ಕಂಪ್ಯೂಟರಿನಲ್ಲಿದೆಯಮ್ಮಾ, ನಮಗೆ ಕಾಣುವುದಿಲ್ಲ," ಎಂದ ಔಷಧಿಯವನು.

ಅವಳ ಬಲಗಾಲಿನ ಚಪ್ಪಲಿಗೆ ಸಿಟ್ಟು ತಡೆಯಲಾಗಲಿಲ್ಲ. "ಗೊತ್ತಿದ್ದೂ ಯಾಕಯ್ಯಾ ಹೇಳಲಿಲ್ಲ?" ಎಂದು ಚೀಟಿಯ ಕಂಪ್ಯೂಟರನ್ನು ಕೇಳಿತು.

"ಅವನು ಕೇಳಲಿಲ್ಲ. ನನ್ನ ಹತ್ತಿರ ಇರುವುದು ನನ್ನದು."

"ನೀನು ಯಾಕೆ ಕೇಳಲಿಲ್ಲ?" ಎಂದು ಚಪ್ಪಲಿ ಔಷಧಿಯ ಕಂಪ್ಯೂಟರಿನತ್ತ ತಿರುಗಿತು.

"ನಾನು ಅವನಿಗಿಂತ ಹೊಸ ಮಾಡೆಲ್," ಎಂದಿತು ಔಷಧಿಯ ಕಂಪ್ಯೂಟರ್. "ಹೋಗಿ ಹೋಗಿ ಅವನನ್ನು ಕೇಳಲೇ?"

"ಥೂ ನಿಮ್ಮ ಜಂಬಕ್ಕೆ! ನಾನೂ ಈ ಎಡಗಾಲಿನವಳೂ ಹೀಗೆ ಮುನಿಸಿಕೊಂಡಿದ್ದರೆ ಈ ತಾಯಿ ಮನೆಯ ಹೊಸಿಲನ್ನೂ ದಾಟುತ್ತಿರಲಿಲ್ಲ!"

ನೀಲವ್ವ ಬಾಟಲಿಯನ್ನು ಅಲ್ಲೇ ಕುಕ್ಕಿ, ಎದುರಿನ ಆಸ್ಪತ್ರೆಗೆ ನಡೆದಳು. ಸಾಲಿನಲ್ಲಿ ನಿಂತು ಕೇಳಿಸಿಕೊಂಡವರೆಲ್ಲ ಅವಳ ಹಿಂದೆಯೇ ಹೋದರು.

ತಿಂಗಳು ಕಳೆದ ಮೇಲೆ ಆಸ್ಪತ್ರೆಯ ಮಾಲೀಕರು ಖಾಲಿ ಬೆಂಚುಗಳ ನಡುವೆ ನಿಂತು, "ಜನ ಯಾಕೆ ಬರುತ್ತಿಲ್ಲ?" ಎಂದು ಕೇಳಿದರು.

ಎರಡು ಕಂಪ್ಯೂಟರ್‌ಗಳೂ ಮೊದಲ ಬಾರಿಗೆ ಒಂದೇ ಮಾತು ಆಡಿದವು: "ನನ್ನಲ್ಲಿ ಎಲ್ಲವೂ ಸರಿಯಾಗಿದೆ."