ಬಳಗದ ಪರಾಗ

"ಗುರುಗಳೇ, ನನ್ನನ್ನು ಆ ಜಗಳಗಂಟ ಸ್ವಾಮಿಯ ಮಠಕ್ಕೆ ಯಾಕೆ ಅಟ್ಟುತ್ತೀರಿ? ಅವರ ದಾರಿಯೇ ಬೇರೆ. ಈ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ. ನಮ್ಮವರ ನಡುವೆಯೇ ಕಲಿತರೆ ಸಾಲದೇ?" ಎಂದು ಶಿಷ್ಯ ಅಡವಯ್ಯ ಕೇಳಿದ.

"ಮೊದಲು ಕೂತುಕೋ ಮಾರಾಯ. ನೀನು ಹೀಗೆ ಕಂಬದಿಂದ ಕಂಬಕ್ಕೆ ಸುತ್ತುತ್ತಿದ್ದರೆ ನನಗೇ ತಲೆ ತಿರುಗುತ್ತದೆ" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ರೈತ ಊರಿಗೆಲ್ಲ ಬಿತ್ತನೆ ಜೋಳ ಬೆಳೆದು ಕೊಡುತ್ತಿದ್ದ. ಅವನ ಹೊಲದ ಹೆಣ್ಣು ಸಾಲಿಗೆ ಒಂದು ಕೊರತೆ. ಹೂವು ಬಿಡುತ್ತಿತ್ತು, ಹೂವಿನಲ್ಲಿ ಪರಾಗ ಇರುತ್ತಿರಲಿಲ್ಲ. ಅದನ್ನು ಗಂಡು ಸಾಲಿನಿಂದ ಪಡೆಯಬೇಕು. ಆ ಗಂಡು ದೂರದ ತಳಿ. ಕುಳ್ಳು, ಕೆಂಪು ತೆನೆ, ಏನೇನೂ ಚೆಲುವಿಲ್ಲ. ಆದರೆ ಪರಾಗ ಕಟ್ಟಿಸುವ ವಂಶವಾಹಿ ಅದರಲ್ಲಿತ್ತು. ಅದರಿಂದ ಹುಟ್ಟಿದ ಪೈರಿಗೆ ತಾಯಿಯ ಕೊರತೆ ತಟ್ಟುತ್ತಿರಲಿಲ್ಲ.

ಒಂದು ವರ್ಷ ಚಳಿ ಹೆಚ್ಚಾಯಿತು. ಹೆಣ್ಣು ಸಾಲು ಅರಳಿತು, ಗಂಡು ಸಾಲು ಅರಳಲಿಲ್ಲ. ರೈತ ಹೊಲಕ್ಕೆ ಹೋಗುವನು, ಬರುವನು, ಮತ್ತೆ ಹೋಗುವನು. ಪಕ್ಕದ ಮಡಿಯಲ್ಲಿ ಹೆಣ್ಣು ಸಾಲಿನ ಅವಳಿಯಂಥ ಇನ್ನೊಂದು ಜೋಳವಿತ್ತು. ಅದೇ ಎತ್ತರ, ಅದೇ ಬಿಳಿ ತೆನೆ. ಪರಾಗವೂ ಇತ್ತು.

"ಇನ್ನೆರಡು ದಿನ ತಡೀರಿ, ಗಂಡು ಸಾಲು ಅರಳುತ್ತದೆ" ಎಂದಳು ಹೆಂಡತಿ.

"ಹೂವು ತಡೆಯಬೇಕಲ್ಲೇ! ಬಳಗದಲ್ಲೇ ವರ ಇರುವಾಗ ಹೊರಗಿನವನ ಹಾದಿ ಯಾಕೆ ಕಾಯಲಿ?" ಎಂದು ಅವನು ಅವಳಿಯ ತೆನೆಗಳನ್ನು ತಂದು ಹೆಣ್ಣು ತೆನೆಗಳ ಮೇಲೆ ಕೊಡವಿದ.

ಕಾಳು ದಂಡಿಯಾಗಿ ಕಟ್ಟಿತು. ರೈತ ಮೀಸೆ ತಿರುವಿದ. ಊರವರೆಲ್ಲ ಆ ಬೀಜವನ್ನೇ ಒಯ್ದು ಬಿತ್ತಿದರು. ಪೈರು ಆಳೆತ್ತರ ಬಂತು, ತೆನೆ ಬಂತು, ಹೂವು ಬಂತು. ಪರಾಗ ಬರಲಿಲ್ಲ. ಅವಳಿ ಜೋಳಕ್ಕೆ ತನ್ನ ಪರಾಗ ಇತ್ತೇ ಹೊರತು ತಾಯಿಯ ಕೊರತೆ ನೀಗುವ ವಂಶವಾಹಿ ಇರಲಿಲ್ಲ. ರೈತ ಆ ಹೊಲದಿಂದ ಈ ಹೊಲಕ್ಕೆ ಓಡಿದ. ಒಂದು ತೆನೆಯಾದರೂ ಧೂಳು ಉದುರಿಸೀತೇ ಎಂದು ತಟ್ಟಿ ತಟ್ಟಿ ನೋಡಿದ. ಎಲ್ಲಾ ಜೊಳ್ಳು. "ಮಕ್ಕಳ ಅನ್ನಕ್ಕೆ ಮಣ್ಣು ಹಾಕಿದೆಯಲ್ಲೋ!" ಎಂದು ಊರು ಅತ್ತಿತು. ಆ ವರ್ಷ ಅಲ್ಲಿ ರೊಟ್ಟಿ ತಟ್ಟುವ ಸದ್ದೇ ಕೇಳಲಿಲ್ಲ.

ಅಡವಯ್ಯ ತಟ್ಟನೆ ಎದ್ದು ನಿಂತ. "ಆ ಜೋಳಕ್ಕೆ ಕೊರತೆಯಿತ್ತು ಸರಿ. ನನಗೇನು ಕೊರತೆ, ಗುರುಗಳೇ? ನನ್ನ ಪ್ರವಚನಕ್ಕೆ ಇಡೀ ಮಠವೇ ತಲೆದೂಗುತ್ತದೆ. ನೀವೂ ತಲೆದೂಗುತ್ತೀರಿ."

ಗುರುಗಳು ಹೇಳಿದರು: "ನಿನಗೆ ಕಲಿಸಿದವನೇ ನಾನು, ನನ್ನ ಕೊರತೆಯೇ ನಿನಗೆ ಇಳಿದಿದ್ದರೆ ಅದು ನನ್ನ ಕಣ್ಣಿಗೆ ಹೇಗೆ ಬೀಳಬೇಕಪ್ಪಾ?"