ಸುಟ್ಟ ಮನೆಗಳ ಪೆಟ್ಟಿಗೆ

ಜರ್ಮನಿಯ ಹಳೆಯ ಪಟ್ಟದ ಜಗಳವನ್ನು ಇದ್ದದ್ದು ಇದ್ದಂತೆ ತೋರಿಸಿದ್ದೇನೆ ಎಂದು ಬೀಗಿದವನು, ತಾನು ಕಟ್ಟಿದ, ಕಾಯಿ ನಡೆಸುವ ಹಲಗೆಯಾಟದಲ್ಲಿ ಸುಟ್ಟ ಮನೆಗಳನ್ನೇ ಬಚ್ಚಿಟ್ಟ. ಮನೆ ಸುಟ್ಟರೆ ತೆಗೆದು ಪೆಟ್ಟಿಗೆಗೆ ಹಾಕಿ ಎಂದು ನಿಯಮ ಬರೆದ.

ಹಲಗೆಯ ಮೇಲೆ ಇಬ್ಬರು ರಾಜರು, ಒಂದು ಮರದ ಕಾಯಿ, ಇನ್ನೊಂದು ತವರ ಲೋಹದ ಕಾಯಿ. ಮರದ ರಾಜನ ಕಿರೀಟ ಅಸಲಿ, ಆದರೆ ಪಟ್ಟವಾದದ್ದು ಯಾವುದೋ ಊರಿನಲ್ಲಿ. ತವರದ ರಾಜನಿಗೆ ಪಟ್ಟವಾದದ್ದು ಸಂಪ್ರದಾಯದ ಊರಿನಲ್ಲೇ, ಆದರೆ ಕಿರೀಟ ನಕಲಿ.

"ಕಳ್ಳ ಕಿರೀಟದವನೇ, ಇಳಿ!" ಎಂದ ಮರದ ರಾಜ.

"ಊರು ತಪ್ಪಿದವನೇ, ಮೊದಲು ನೀನಿಳಿ!" ಎಂದ ತವರದವನು.

ಬೈಗುಳ ಮುಗಿಯುವಷ್ಟರಲ್ಲಿ ನದೀತೀರದ ಮನೆಗಳೆಲ್ಲ ಸುಟ್ಟು ಪೆಟ್ಟಿಗೆ ಸೇರಿದವು. ಹಿಂದೆಯೇ ಮರದ ರಾಜನ ಕಾಲಾಳೊಬ್ಬ ಸತ್ತು ಅದರೊಳಗೆ ಬಿದ್ದ. ಒಳಗೆಲ್ಲ ಹೊಗೆಯ ವಾಸನೆ.

"ಯಾರಪ್ಪ ನೀನು?" ಕತ್ತಲಲ್ಲಿ ಒಂದು ಮನೆ ಕೇಳಿತು.

"ಅಸಲಿ ರಾಜನ ಕಾಲಾಳು, ತಾಯೀ."

"ಇಲ್ಲಿಗೆ ಬಿದ್ದವರೆಲ್ಲ ಹಾಗೇ ಅನ್ನುತ್ತಾರೆ. ಬಾ, ನನ್ನ ಗೋಡೆಗೆ ಕಿವಿಯಿಡು."

ಹೆಬ್ಬೆರಳಿನಷ್ಟೂ ಇಲ್ಲದ ಆ ಮನೆಯೊಳಗೆ ಯಾರೋ ಇನ್ನೂ ಬಾಗಿಲು ಬಡಿಯುತ್ತಿದ್ದರು. ಬೆಂಕಿಯಿಡುವ ಮುನ್ನ ಹೊರಗಿನಿಂದ ಅಗುಳಿ ಹಾಕಿದ್ದು ತಾನೇ ಎಂದು ಕಾಲಾಳಿಗೆ ನೆನಪಾಯಿತು. ತೆಗೆಯಲು ಎಷ್ಟು ಎಳೆದರೂ ಅದು ಅಲುಗಲಿಲ್ಲ.

"ಮುಂದಿನ ಆಟದಲ್ಲೂ ಇದನ್ನು ನಾನೇ ಹಾಕಬೇಕಾ?"

"ಹೌದು. ನಮ್ಮನ್ನು ಏನೂ ಆಗದವರಂತೆ ಮತ್ತೆ ಮೇಲಿಡುತ್ತಾರೆ. ಅದು ತಪ್ಪಬೇಕಾದರೆ ನಿನ್ನನ್ನು ನಡೆಸುವ ಕೈ ನಿಲ್ಲಬೇಕು, ಮಗಾ."

ಮುಚ್ಚಳ ತೆರೆಯಿತು. ಒಂದು ಕೈ ಒಳಗಿಳಿಯಿತು.

ಆ ಕೈ ನಿಮ್ಮದು. ಸುಟ್ಟ ಮನೆಯನ್ನು ಇನ್ನು ಪೆಟ್ಟಿಗೆಗೆ ಹಾಕಬೇಡಿ. ಹಲಗೆಯ ಮೇಲೆಯೇ ಬಿಡಿ. ಗೆದ್ದ ರಾಜ ಆ ಬಾಗಿಲ ಮುಂದೆ ನಡೆದೇ ಸಿಂಹಾಸನಕ್ಕೆ ಹೋಗಲಿ.